ಬಿಗಿಯದ ಬೋಲ್ಟಿನ ಮೇಲೆ ಎಳೆದ ಬಿಳಿ ಗೆರೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ, ಅಷ್ಟೇ ಸಲ ಎದ್ದು ಹೋಗಿದ್ದೇನೆ. ಒಂದು ದಿನ ಪೆನ್ನು ಸರಿಯಿಲ್ಲ ಅಂದುಕೊಂಡೆ, ಇನ್ನೊಂದು ದಿನ ಕನ್ನಡಕ. ಹೈಸ್ಕೂಲು ಮುಗಿಸಿ ಗ್ಯಾರೇಜು ಸೇರಿದವನಿಗೆ ಬರೆಯುವ ಉಸಾಬರಿ ಯಾಕೆ ಎಂಬ ನೆಪವಂತೂ ಯಾವಾಗಲೂ ಕೈಗೆ ಸಿಗುವ ಹಾಗೆ ಇತ್ತು. ನಿಜವಾದ ಕಾರಣ ಬೇರೆ. ನಾನು ಮಾಡಿದ ಒಂದು ತಪ್ಪಿನಿಂದ ಎಂಬತ್ತು ದಾಟಿದ ಒಬ್ಬರು ತಮ್ಮ ಕೈಗಳ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರು. ಅದನ್ನು ಕಣ್ಣಾರೆ ನೋಡುತ್ತ ನಾನು ಐದು ವಾರ ಸುಮ್ಮನಿದ್ದೆ. ಇದನ್ನು ಹೇಳಿಕೊಳ್ಳಲು ಇಷ್ಟು ವರ್ಷ ಹಿಡಿಯಿತು.

ಮೈಸೂರಿನಲ್ಲಿ ನಲವತ್ತು ವರ್ಷ ನಾನು ಜೀಪು ರಿಪೇರಿ ಮಾಡಿದವನು. ತೋಟದ ಜೀಪು, ಪ್ಲಾಂಟರುಗಳ ಜೀಪು, ಮದುವೆ ದಿಬ್ಬಣ ತುಂಬಿಕೊಂಡು ಬಂದು ಆಕ್ಸಲ್ ಮುರಿದುಕೊಂಡ ಜೀಪು. ಹೆಂಡತಿ ತೀರಿಕೊಂಡ ಮರುವರ್ಷ ಮಗಳು ನನ್ನನ್ನು ಜಪಾನಿಗೆ ಕರೆಸಿಕೊಂಡಳು. ಅವಳು ತ್ಸುಕುಬಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮಣ್ಣಿನ ಮೇಲೆ ಕೆಲಸ ಮಾಡುತ್ತಾಳೆ. ಅಳಿಯನ ಕೆಲಸ ಕಾವಾಸಾಕಿಯಲ್ಲಿ. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಅವಳನ್ನು ಬೆಳಿಗ್ಗೆ ಶಿಶುವಿಹಾರಕ್ಕೆ ಬಿಟ್ಟು ಸಂಜೆ ಕರೆತರುವುದು ನನ್ನ ಪಾಲಿನ ಕೆಲಸ. ದೊಡ್ಡ ಭೂಕಂಪ ಕಳೆದು ಮೂರು ವರ್ಷವಾಗಿತ್ತು. ಆದರೂ ನೆಲ ಸ್ವಲ್ಪ ಅಲುಗಿದರೆ ಮಗು ಆಡುತ್ತಿದ್ದುದನ್ನು ಬಿಟ್ಟು ಮೇಜಿನ ಕೆಳಗೆ ಹೋಗಿ ಕೂರುತ್ತಿತ್ತು. ನಾನು ಮಾತ್ರ ನಡುಮನೆಯಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದೆ.

ಶಿಶುವಿಹಾರದಿಂದ ಸೈಕಲ್ಲಿನಲ್ಲಿ ವಾಪಸು ಬರುವ ದಾರಿಯಲ್ಲಿ ಊರು ಮುಗಿದು ಗದ್ದೆಗಳು ಶುರುವಾಗುತ್ತವೆ. ಒಂದು ದಿನ ಅಲ್ಲಿನ ತಗಡಿನ ಶೆಡ್ಡಿನೊಳಗಿಂದ ಎಂಜಿನ್ ಸದ್ದು ಕೇಳಿಸಿತು. ಎರಡು ಸಿಲಿಂಡರ್, ಒಂದು ಸರಿಯಾಗಿ ಹೊಡೆಯುತ್ತಿಲ್ಲ. ಕಾಲು ತಾನಾಗಿ ನೆಲಕ್ಕೆ ಬಂತು. ಒಳಗೆ ಇಣುಕಿದೆ. ಅಷ್ಟು ವರ್ಷದ ಕೆಲಸದಲ್ಲಿ ಅಂಥ ಗಾಡಿಯನ್ನು ನಾನು ನೋಡಿರಲಿಲ್ಲ. ಮುಂದಿನಿಂದ ಜೀಪು, ಹಿಂದಿನಿಂದ ಟ್ರ್ಯಾಕ್ಟರು, ಪಕ್ಕದಿಂದ ನೋಡಿದರೆ ಹಿಟ್ಟಿನ ಗಿರಣಿಯ ಹಾಗೆ ಒಂದು ದೊಡ್ಡ ಬೆಲ್ಟಿನ ಚಕ್ರ. ಅಷ್ಟಿದ್ದೂ ನಮ್ಮ ಕಡೆಯ ಎತ್ತಿನ ಗಾಡಿಗಿಂತ ಅಗಲವಿಲ್ಲ. ಅದರ ಮೇಲೆ ಬಾಗಿ ನಿಂತಿದ್ದವರು ಒಬ್ಬ ಮುದುಕರು. "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂದು ಹೇಳಿ ಎರಡನೆಯ ಪ್ಲಗ್ಗಿನ ಕಡೆ ಬೆರಳು ತೋರಿಸಿದೆ. ಅವರು ಬಿಚ್ಚಿ ನೋಡಿದರು. ಮಸಿ ಹಿಡಿದಿತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಂದು ಸ್ಟೂಲು ಎಳೆದು ಹಾಕಿದರು.

ಅವರನ್ನು ನಾನು ಒಜೀಸಾನ್ ಎಂದು ಕರೆಯುತ್ತಿದ್ದೆ, ಅಂದರೆ ಅಜ್ಜ. ನನಗೂ ಅವರಿಗೂ ಹದಿನೈದು ವರ್ಷದ ಅಂತರವಿರಬಹುದು ಅಷ್ಟೆ. ಅವರು ನನ್ನನ್ನು ಇಂದೋ-ಸಾನ್ ಎನ್ನುತ್ತಿದ್ದರು. ಇಡೀ ಇಂಡಿಯಾವೇ ಬಂದು ಅವರ ಸ್ಟೂಲಿನ ಮೇಲೆ ಕೂತ ಹಾಗೆ. ನಮ್ಮಿಬ್ಬರ ನಡುವೆ ಇದ್ದ ಮಾತು ಮುಖ್ಯವಾಗಿ ಸ್ಪ್ಯಾನರಿನ ನಂಬರುಗಳು. ಜೂಯೋನ್ ಎಂದರೆ ಹದಿನಾಲ್ಕು, ಜೂನಾನಾ ಎಂದರೆ ಹದಿನೇಳು. ಅಷ್ಟರಲ್ಲೇ ಒಂದು ಬೇಸಿಗೆ ಕಳೆಯಿತು. ಭಾನುವಾರ ಮಗಳು ಜೊತೆಗೆ ಬಂದರೆ ಮಾತ್ರ ನಿಜವಾದ ಮಾತು ನಡೆಯುತ್ತಿತ್ತು. ಗಾಡಿಯ ಕಥೆ ನನಗೆ ತಿಳಿದದ್ದು ಹಾಗೆ, ಅವಳ ಬಾಯಿಂದ.

ಯುದ್ಧದ ಕಾಲದಲ್ಲಿ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗ ಮಾಡುತ್ತಿದ್ದರಂತೆ. ಸೋತ ಮೇಲೆ ವಿಮಾನ ಮಾಡುವಂತಿಲ್ಲ. ಉಳಿದಿದ್ದ ತಗಡಿನಲ್ಲಿ ಪಾತ್ರೆ ಮಾಡಿದರು, ಗುದ್ದಲಿ ಮಾಡಿದರು. ಊರಲ್ಲಿ ಅಕ್ಕಿಗೆ ಬರ. ಉಳಲು ಎತ್ತಿಲ್ಲ, ಬೆಳೆದದ್ದನ್ನು ಪೇಟೆಗೆ ಸಾಗಿಸಲು ಲಾರಿಯಿಲ್ಲ, ನೀರೆತ್ತಲು ಮೋಟಾರಿಲ್ಲ. ಇದೆಲ್ಲವನ್ನೂ ಒಂದೇ ಗಾಡಿ ಯಾಕೆ ಮಾಡಬಾರದು ಎಂದು ಅಲ್ಲಿನ ಮೇಸ್ತ್ರಿ ಕೇಳಿದನಂತೆ. ಹದಿನೆಂಟು ತುಂಬಿ ಫಿಟ್ಟರ್ ಆಗಿ ಒಜೀಸಾನ್ ಅಲ್ಲಿ ಸೇರಿದಾಗ ಮೊದಲ ಗಾಡಿ ಆಗಲೇ ಗದ್ದೆಯ ಬದುವಿನ ಮೇಲಿಂದ ಉರುಳಿ ಬಿದ್ದಿತ್ತು. ಅದಕ್ಕೆ ಮೂರೇ ಚಕ್ರ. ಎರಡನೆಯದಕ್ಕೆ ನಾಲ್ಕು ಚಕ್ರ ಹಾಕಿದರು, ಭಾರ ಹೆಚ್ಚಾಗಿ ಕೆಸರಿನಲ್ಲಿ ಹೂತುಹೋಯಿತು. ಎಳೆದು ತೆಗೆಯಲು ಅರ್ಧ ಊರು ಬರಬೇಕಾಯಿತು.

"ಆಮೇಲೆ ಇವ್ರು ಏನ್ಮಾಡಿದ್ರು ಗೊತ್ತಾ ಅಪ್ಪ?" ಮಗಳು ನಗುತ್ತ ಹೇಳಿದಳು. "ಒಂದು ಬಿದಿರು ಕೋಲು ಹಿಡ್ಕೊಂಡು ಊರೂರು ಸುತ್ತಿದ್ರಂತೆ, ಗದ್ದೆ ದಾರಿ ಎಷ್ಟು ಅಗಲ ಇದೆ ಅಂತ ಅಳೀತಾ. ಕಳ್ಳರು ಅಂತ ಒಬ್ಬ ಅಜ್ಜಿ ಪೊರಕೆ ತಗೊಂಡು ಅಟ್ಟಿಸ್ಕೊಂಡು ಬಂದಳಂತೆ. ಮಾರನೇ ವರ್ಷ ಫಸ್ಟ್ ಗಾಡಿ ತಗೊಂಡಿದ್ದೂ ಅದೇ ಅಜ್ಜೀನೇ."

ಮೂರನೆಯ ಗಾಡಿ ನಿಂತಿತು. ಸಣ್ಣ ಎಂಜಿನ್ನು, ಅದೂ ಸೀಟಿನ ಹಿಂದೆ. ನಾಲ್ಕು ಚಕ್ರಕ್ಕೂ ಎಳೆತ. ಮನುಷ್ಯ ಪಕ್ಕದಲ್ಲಿ ನಡೆಯುತ್ತ ಹೋಗುವಷ್ಟು ನಿಧಾನದ ಒಂದು ಗೇರು. ಹಿಂದೆ ನೇಗಿಲಿಗೆ ಕೊಂಡಿ, ಪಕ್ಕದಲ್ಲಿ ಬೆಲ್ಟು ಹಾಕಿ ಪಂಪು, ಒಕ್ಕುವ ಯಂತ್ರ, ಮರ ಕೊಯ್ಯುವ ಗರಗಸ ಏನನ್ನು ಬೇಕಾದರೂ ಓಡಿಸುವ ಚಕ್ರ. ಕೆಲವು ವರ್ಷ ಸುತ್ತಲಿನ ಊರುಗಳಲ್ಲೆಲ್ಲ ಅದೇ ಗಾಡಿ. ಹೆಣ್ಣು ಕೊಟ್ಟ ಮನೆಗೆ ಬೀರು ಹಾಸಿಗೆ ಸಾಗಿಸಿದ್ದೂ ಅದರಲ್ಲೇ. ಆಮೇಲೆ ದೊಡ್ಡ ಕಂಪನಿಗಳ ಅಗ್ಗದ ಪುಟ್ಟ ಟ್ರಕ್ಕುಗಳು ಬಂದವು, ಕಾರ್ಖಾನೆ ಮುಚ್ಚಿತು. ಒಜೀಸಾನ್ ಒಂದನ್ನು ತಮಗೆಂದು ಇಟ್ಟುಕೊಂಡರು. ಭೂಕಂಪವಾದ ವಾರ ಕರೆಂಟೂ ಇಲ್ಲ, ನಲ್ಲಿಯಲ್ಲಿ ನೀರೂ ಇಲ್ಲ. ಶೆಡ್ಡಿನಲ್ಲಿ ಸುಮ್ಮನೆ ಕೂತಿದ್ದ ಆ ಗಾಡಿಯನ್ನು ಅವರು ಹಳೆಯ ಬಾವಿಯ ಹತ್ತಿರ ತಂದು, ಬೆಲ್ಟು ಹಾಕಿ ಪಂಪು ಓಡಿಸಿದರು. ಕೆಟಲು, ಬಕೆಟ್ಟು, ಅಕ್ಕಿ ಬೇಯಿಸುವ ಪಾತ್ರೆ ಹಿಡಿದುಕೊಂಡು ಜನ ಸಾಲು ನಿಂತರು. ಅಂದಿನಿಂದ ಪ್ರತಿ ಸೆಪ್ಟೆಂಬರಿನ ವಿಪತ್ತು ತಾಲೀಮಿನಲ್ಲಿ ಬಡಾವಣೆಯ ಸಂಘದವರು ಆ ಗಾಡಿಯನ್ನು ಓಡಿಸಿ ನೀರೆತ್ತಿಸುತ್ತಿದ್ದರು.

ಆ ವರ್ಷದ ತಾಲೀಮಿಗೆ ಗಾಡಿಯನ್ನು ಸಿದ್ಧಪಡಿಸಲು ನಾನು ಕೈಜೋಡಿಸಬಹುದೇ ಎಂದು ಸಂಘದವರನ್ನು ಕೇಳಿದವಳು ಮಗಳೇ. ಹೊರಗಿನವರು ಕೈಹಾಕುವುದು ಅವರಿಗೆ ಅಷ್ಟು ಇಷ್ಟವಿರಲಿಲ್ಲ. "ನಮ್ಮಪ್ಪ ನಲವತ್ತು ವರ್ಷದ ಮೆಕ್ಯಾನಿಕ್, ಅವರ ಕೆಲಸಕ್ಕೆ ನಾನು ಜವಾಬ್ದಾರಿ" ಎಂದು ಅವಳು ಮಾತು ಕೊಟ್ಟು ಬಂದಳು.

ಇಲ್ಲಿ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಬೋಲ್ಟನ್ನು ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಬಿಳಿ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಬೋಲ್ಟು ಸಡಿಲವಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಆ ಕಾರ್ಖಾನೆಯವರಿಗೆ ಅದು ವಿಮಾನದ ಕಾಲದಿಂದ ಬಂದ ಅಭ್ಯಾಸ. ಬಿಗಿದ ಕೈಯೇ ಗೆರೆ ಎಳೆಯಬೇಕು, ಒಂದು ಬೋಲ್ಟಿಗೆ ಒಂದು ಗೆರೆ, ಒಂದು ಮುಗಿದ ಮೇಲೇ ಇನ್ನೊಂದು. ನಮ್ಮ ಗ್ಯಾರೇಜಿನಲ್ಲಿ ಅಂಥದ್ದೇನೂ ಇರಲಿಲ್ಲ. ಬಿಗಿತ ಗೊತ್ತಾಗುವುದು ಮೊಣಕೈಗೆ. ಒಜೀಸಾನ್ ಸರಿಯಾದ ಬಿಗಿತಕ್ಕೆ 'ಕಟ್' ಎಂದು ಸದ್ದು ಮಾಡುವ ರೆಂಚನ್ನು ಕೊಟ್ಟಾಗ ನಾನು ಮಗಳಿಗೆ ಹೇಳಿದೆ: "ನನ್ನ ಕೈಯೇ ಮೀಟರು ಅಂತ ಹೇಳೇ ಅವರಿಗೆ."

ಅವಳು ಹೇಳಿದಳು. ಅವರು ನನ್ನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಮೀಟರ್ ಆದ್ರೆ ಸರ್ಟಿಫಿಕೇಟ್ ಎಲ್ಲಿ ಅಂಟಿಸಿದ್ದಾರೆ ಅಂತ ಹುಡುಕ್ತಿದ್ದಾರಂತೆ" ಎಂದಳು ಮಗಳು.

ತಾಲೀಮಿನ ಹಿಂದಿನ ದಿನ ಮಧ್ಯಾಹ್ನ ಬೆಲ್ಟಿನ ಚಕ್ರವನ್ನು ಹಿಡಿದಿರುವ ಬ್ರಾಕೆಟ್ಟನ್ನು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಬೋಲ್ಟು. ಮೇಲಿನ ಎರಡು ಸಲೀಸು. ಕೆಳಗಿನ ಎರಡು ಒಂದು ತಗಡಿನ ಹಿಂದೆ. ರೆಂಚು ಹೋಗಬೇಕಾದರೆ ಆ ತಗಡನ್ನು ಬಿಚ್ಚಬೇಕು. ಮೇಲಿನವನ್ನು ಬಿಗಿದೆ. ಕೆಳಗಿನವನ್ನು ಬೆರಳಿನಲ್ಲಿ ತಿರುಗಿಸಿ ಕೂರಿಸಿದೆ. ಬಣ್ಣದ ಪೆನ್ನಿನ ಮುಚ್ಚಳ ತೆಗೆದಿತ್ತು. ಹೇಗಿದ್ದರೂ ಈಗಲೇ ಬಿಗಿಯುತ್ತೇನಲ್ಲ ಎಂದು ನಾಲ್ಕಕ್ಕೂ ಒಂದೇ ಸಲಕ್ಕೆ ಗೆರೆ ಎಳೆದುಬಿಟ್ಟೆ. ನಾಲ್ಕೂ ನೇರ, ನಾಲ್ಕೂ ಅಂದ. ಗಡಿಯಾರ ನೋಡಿದರೆ ಮೊಮ್ಮಗಳನ್ನು ಕರೆತರುವ ಹೊತ್ತು. ಬಂದು ತಗಡು ಬಿಚ್ಚಿದರಾಯಿತೆಂದು ಸೈಕಲ್ಲು ಹತ್ತಿದೆ. ಮಗು ದಾರಿಯಲ್ಲಿ ಮೊಣಕಾಲು ತರಚಿಕೊಂಡಿತು, ಅತ್ತಿತು, ದಾರಿಬದಿಯ ಕೊಂಬಿನಿ ಅಂಗಡಿಯಲ್ಲಿ ಐಸ್ ಕ್ರೀಮ್ ಕೊಡಿಸಿದೆ. ಬ್ರಾಕೆಟ್ಟು ಮನಸ್ಸಿನಿಂದ ಪೂರ್ತಿ ಜಾರಿತು.

ಮಾರನೆಯ ಬೆಳಿಗ್ಗೆ ಬಾವಿಯ ಸುತ್ತ ಜನ ಸೇರಿದ್ದರು. ಉದ್ದ ಮೇಜಿನ ಮೇಲೆ ಸೂಪಿನ ದೊಡ್ಡ ಪಾತ್ರೆ, ಹೆಲ್ಮೆಟ್ಟು ಹಾಕಿಕೊಂಡ ಮಕ್ಕಳು. ಒಜೀಸಾನ್ ಇಸ್ತ್ರಿ ಮಾಡಿದ ಹಳೆಯ ಕೆಲಸದ ಅಂಗಿ ತೊಟ್ಟು ಬಂದಿದ್ದರು. ಬೆಲ್ಟು ಸ್ವಲ್ಪ ಸಡಿಲ ಎನ್ನಿಸಿ, ಬ್ರಾಕೆಟ್ಟಿನ ಪಕ್ಕದ ಒಂದು ಚಕ್ರವನ್ನು ಸರಿಸಿ ಬಿಗಿದು, ತಾವೇ ಒಂದು ಗೆರೆ ಎಳೆದರು. ಎಂಜಿನ್ ಹೊಡೆದುಕೊಂಡಿತು. ಪೈಪಿನಿಂದ ನೀರು ಬಂತು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ನನಗೆ ನೆನಪಾಯಿತು.

ಮರೆತದ್ದಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನೆನಪಾದ ಮೇಲೂ ನನಗೆ ಸಮಯವಿತ್ತು. 'ಸ್ಟಾಪ್' ಎಂದು ಕೂಗಿದ್ದರೆ ಸಾಕಿತ್ತು, ಆ ಪದ ಎಲ್ಲರಿಗೂ ಅರ್ಥವಾಗುತ್ತದೆ. ಅಷ್ಟು ಜನರ ಮುಂದೆ, ಮಗಳು ಹೊಗಳಿ ತಂದು ನಿಲ್ಲಿಸಿದ ಮೆಕ್ಯಾನಿಕ್ಕು ತನ್ನ ಬೋಲ್ಟು ಬಿಗಿದಿಲ್ಲ ಎಂದು ಕೂಗುವುದೇ? ಹತ್ತು ನಿಮಿಷದ ಕೆಲಸ, ಹೇಗೋ ತಡೆದೀತು ಎಂದು ಹಲ್ಲು ಕಚ್ಚಿ ನಿಂತೆ.

ತಡೆಯಲಿಲ್ಲ. ಬ್ರಾಕೆಟ್ಟು ವಾಲಿತು, ಬೆಲ್ಟು ಹಾರಿ ಮೇಜಿಗೆ ಬಡಿಯಿತು, ಸೂಪಿನ ಪಾತ್ರೆ ಮಗುಚಿತು. ಯಾರಿಗೂ ಪೆಟ್ಟಾಗಲಿಲ್ಲ. ಮೇಜಿನ ಆ ಕಡೆ ನಿಂತಿದ್ದ ಮಕ್ಕಳನ್ನು ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ಸಾಲು ಬದಲಿಸಲು ಕರೆದಿದ್ದರು.

ಸಂಘದ ಅಧ್ಯಕ್ಷರು ದನಿ ಏರಿಸಲಿಲ್ಲ. ಈ ಭಾಗವನ್ನು ಬಿಗಿದವರು ಯಾರು ಎಂದು ಮೆಲ್ಲಗೆ ಕೇಳಿದರು. ಮಗಳು ನನ್ನ ಹತ್ತಿರ ಬಂದಳು.

"ಅಪ್ಪಾ, ಕರೆಕ್ಟಾಗಿ ಹೇಳು. ಟೈಟ್ ಮಾಡಿದ್ದೆ ತಾನೇ?"

"ಗೆರೆ ಇದೆಯಲ್ಲ, ನೋಡ್ಕೊ."

"ಗೆರೆ ವಿಷಯ ಕೇಳ್ಲಿಲ್ಲಪ್ಪ. ನಾನು ಅವರಿಗೆ ಹೇಳ್ಬೇಕು. ಟೈಟ್ ಮಾಡಿದ್ಯಾ?"

"ನಲವತ್ತು ವರ್ಷ ಇದೇ ಕೆಲಸ ಮಾಡಿದೀನಿ ಕಣೇ. ನಿನ್ನ ಅಪ್ಪನ್ನೇ ಅನುಮಾನ ಪಡ್ತೀಯಾ?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, ನಮ್ಮ ತಂದೆ ನಾಲ್ಕೂ ಬೋಲ್ಟುಗಳನ್ನು ಸರಿಯಾಗಿ ಬಿಗಿದಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿದಳು.

ಒಜೀಸಾನ್ ಬಗ್ಗಿ ಆ ಬ್ರಾಕೆಟ್ಟನ್ನೇ ನೋಡುತ್ತಿದ್ದರು. ಕೆಳಗಿನ ಎರಡು ಗೆರೆಗಳು ಮುರಿದು ಪಕ್ಕಕ್ಕೆ ಸರಿದಿದ್ದವು. ಅವರು ಎದ್ದು ನಿಂತು, ಟೋಪಿ ತೆಗೆದು, ಎಲ್ಲರಿಗೂ ಸೊಂಟ ಬಾಗಿಸಿ ನಮಸ್ಕರಿಸಿದರು. ಬೆಳಿಗ್ಗೆ ಆ ಜಾಗಕ್ಕೆ ಕೈಹಾಕಿದ್ದು ತಾವೇ; ಪಕ್ಕದ ಬೋಲ್ಟುಗಳನ್ನೂ ಸಡಿಲಿಸಿ ಮರೆತಿರಬೇಕು, ನೆನಪೇ ಆಗುತ್ತಿಲ್ಲ, ವಯಸ್ಸಾಯಿತು ಎಂದರು. ಮಗಳು ಅದನ್ನು ನನಗೆ ಕನ್ನಡದಲ್ಲಿ ಹೇಳಿದಳು. ನಾನು ಕೇಳಿಸಿಕೊಂಡೆ.

ಅದೇ ವಾರ ಅವರು ಡ್ರೈವಿಂಗ್ ಲೈಸೆನ್ಸನ್ನು ಪೊಲೀಸ್ ಠಾಣೆಗೆ ಹಿಂತಿರುಗಿಸಿದರು. ವಯಸ್ಸಾದವರು ಅಲ್ಲಿ ಹಾಗೆ ಮಾಡುತ್ತಾರೆ. ಭತ್ತದ ಕೊಯ್ಲು ಮುಗಿದ ಮೇಲೆ ಗಾಡಿಯನ್ನು ಗುಜರಿಯವನಿಗೆ ಕೊಡುವುದೆಂದು ಗೊತ್ತುಮಾಡಿದರು. ನಾನು ದಿನವೂ ಆ ದಾರಿಯಲ್ಲೇ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಶೆಡ್ಡಿನ ಬಾಗಿಲು ಮುಚ್ಚಿರುತ್ತಿತ್ತು. ಒಂದು ದಿನ ತೆರೆದಿತ್ತು. ಅವರು ಒಂದು ಬೋಲ್ಟನ್ನು ಬಿಗಿದು, ಗೆರೆ ಎಳೆದು, ಸ್ವಲ್ಪ ಹೊತ್ತು ಅದನ್ನೇ ನೋಡಿ, ಗೆರೆ ಒರೆಸಿ, ಮತ್ತೆ ರೆಂಚು ಹಾಕಿ ನೋಡುತ್ತಿದ್ದರು. ಬಿಗಿಯಾಗೇ ಇತ್ತು. ಮತ್ತೆ ಒರೆಸಿದರು. ಅರವತ್ತು ವರ್ಷ ಆ ಕೆಲಸ ಮಾಡಿದ ಕೈ ತಾನು ಏನು ಮಾಡಿದೆನೆಂದು ತನಗೇ ಗೊತ್ತಿಲ್ಲದ ಹಾಗೆ ತಡಕಾಡುತ್ತಿತ್ತು. ನಾನು ಸೈಕಲ್ಲಿನಿಂದ ಇಳಿಯಲಿಲ್ಲ.

ಮುಂದಿನ ಭಾನುವಾರ ಮಗಳಿಗೆ, "ಒಜೀಸಾನ್ ಹತ್ರ ಸ್ವಲ್ಪ ಮಾತಾಡೋದಿದೆ, ಬಾ" ಎಂದೆ. ಏನು ಮಾತು ಎಂದು ಹೇಳಲಿಲ್ಲ. ಅವರು ಶೆಡ್ಡಿನ ಮುಂದೆ ಬಿಸಿಲಿನಲ್ಲಿ ಕೂತಿದ್ದರು. ನಾನು ಎದುರು ನಿಂತು ಕನ್ನಡದಲ್ಲಿ ಶುರುಮಾಡಿದೆ, ಮಗಳು ಒಂದೊಂದೇ ವಾಕ್ಯವನ್ನು ಜಪಾನೀಸಿಗೆ ತಿರುಗಿಸುತ್ತ ಬಂದಳು. ಆ ಮಧ್ಯಾಹ್ನ ನಾಲ್ಕು ಬೋಲ್ಟುಗಳಿದ್ದವು ಎಂದೆ. ಹೇಳಿದಳು. ಎರಡನ್ನು ಬಿಗಿದೆ ಎಂದೆ. ಹೇಳಿದಳು. "ಇನ್ನೆರಡನ್ನ ನಾನು ಬಿಗೀಲೇ ಇಲ್ಲ. ಬರೀ ಗೆರೆ ಎಳೆದೆ." ಅಲ್ಲಿ ಅವಳ ಮಾತು ನಿಂತಿತು. ನಾನು ಅವಳ ಕಡೆ ನೋಡಲಿಲ್ಲ. ಆಮೇಲೆ ಅವಳು ಆ ವಾಕ್ಯವನ್ನೂ ಹೇಳಿದಳು, ಒಂದಕ್ಷರ ಬಿಡದೆ. ನೀರು ಬರುವಾಗ ನನಗೆ ನೆನಪಾಗಿತ್ತು, ಆದರೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದಳು. ನಾನು ಬಾಗಿದೆ. ಪಕ್ಕದಲ್ಲಿ ಅವಳೂ ಬಾಗಿದಳು, ನನಗಿಂತ ಕೆಳಗೆ, ನನಗಿಂತ ಹೆಚ್ಚು ಹೊತ್ತು. ಅವತ್ತು ಸುಳ್ಳು ಹೇಳಿದ ಬಾಯಿ ತನ್ನದು ಎಂದು ತನ್ನ ಪಾಲಿನ ಕ್ಷಮೆಯನ್ನು ತಾನೇ ಕೇಳಿಕೊಂಡಳು.

ಒಜೀಸಾನ್ ಮುಖ ಕೆಂಪಾಯಿತು. ಏನೋ ಒಂದು ಚಿಕ್ಕ ಮಾತು ಹೇಳಿ ಒಳಗೆ ಹೋದರು.

"ಇವತ್ತು ಹೋಗಿ ಅಂದ್ರು" ಎಂದಳು ಮಗಳು.

ಒಂದು ವಾರ ಏನೂ ಇಲ್ಲ. ನನಗೆ ಅದು ಸಲ್ಲಬೇಕಾದದ್ದೇ. ಎಂಟನೆಯ ದಿನ ಮಗಳಿಗೆ ಫೋನು ಬಂತು: ಇಂದೋ-ಸಾನ್ ಬೆಳಿಗ್ಗೆ ಎಂಟಕ್ಕೆ ಕೊಳೆ ಬಟ್ಟೆ ಹಾಕಿಕೊಂಡು ಬರಲಿ. ಹೋದೆವು. ಬ್ರಾಕೆಟ್ಟು ಬಿಚ್ಚಿ ಬಟ್ಟೆಯ ಮೇಲೆ ಇಟ್ಟಿತ್ತು, ನಾಲ್ಕು ಹೊಸ ಬೋಲ್ಟುಗಳು ಪಕ್ಕದಲ್ಲಿ. ಮೊದಲು ತಗಡು ಬಿಚ್ಚಿಸಿದರು. ಒಂದು ಬೋಲ್ಟು, 'ಕಟ್', ಒಂದು ಗೆರೆ. ಆಮೇಲೆ ಇನ್ನೊಂದು. ಅವರು ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಎಣಿಸಿದರು. ಮುಗಿದ ಮೇಲೆ ಏನೋ ಹೇಳಿದರು.

"ಗುಜರಿಯವನಿಗೆ ಬರಬೇಡ ಅಂದಿದ್ದಾರಂತೆ. ಸಿಟ್ಟು ಇನ್ನೂ ಇದೆಯಂತೆ" ಎಂದಳು ಮಗಳು. "ಆದ್ರೆ ನಿನ್ನ ಮೇಲೆ ಸಿಟ್ಟು ಬಂದ ರಾತ್ರಿ ಚೆನ್ನಾಗಿ ನಿದ್ದೆ ಬಂತಂತೆ. ಐದು ವಾರದಲ್ಲಿ ಫಸ್ಟ್ ಟೈಮ್."

"ಲೈಸೆನ್ಸು?" ಎಂದು ಕೇಳಿದೆ.

ಅವರು ಕೈ ಬೀಸಿದರು. ಅದು ಕಣ್ಣಿನ ವಿಷಯ, ಕೈಯದಲ್ಲ. ರಸ್ತೆಗೆ ಇಳಿಯಬೇಕಾದರೆ ಯಾರನ್ನಾದರೂ ಡ್ರೈವರ್ ಮಾಡಿಕೊಳ್ಳುತ್ತೇನೆ, ಇಂದೋ-ಸಾನ್‌ನನ್ನು ಮಾತ್ರ ಅಲ್ಲ, ಎಂದರಂತೆ. ಮೂವರೂ ನಕ್ಕೆವು.

ಸಂಘದ ಸಭೆಯಲ್ಲೂ ನಾನು ಎದ್ದು ನಿಂತು ಹೇಳಿದೆ. ಅಂದೂ ತಿರುಗಿಸಿ ಹೇಳಿದವಳು ಮಗಳೇ. ಮುಂದಿನ ಸೆಪ್ಟೆಂಬರಿನಲ್ಲಿ ಆ ಗಾಡಿ ಊಟದ ಹೊತ್ತಿನವರೆಗೂ ನಿಲ್ಲದೆ ನೀರೆತ್ತಿತು. ಅಷ್ಟರಲ್ಲಿ ಒಜೀಸಾನ್ ಬಡಾವಣೆಯ ಮೂವರು ಹೆಂಗಸರಿಗೆ ಅದನ್ನು ಓಡಿಸಲು, ಬೆಲ್ಟು ಹಾಕಲು, ಗೆರೆ ಎಳೆಯಲು ಕಲಿಸಿದ್ದರು. ಅವರಲ್ಲಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವಾಕೆಯ ಗೆರೆ ನನ್ನದಕ್ಕಿಂತ ನೇರ. ಒಜೀಸಾನ್ ಈಗ ಇಲ್ಲ. ಗಾಡಿ ಇದೆ, ಸಂಘದ ಶೆಡ್ಡಿನಲ್ಲಿ, ತಿಂಗಳಿಗೊಮ್ಮೆ ಆ ಮೂವರು ಅದನ್ನು ಹೊರಗೆ ತೆಗೆದು ಓಡಿಸುತ್ತಾರೆ. ಮೊನ್ನೆ ಎಂಜಿನ್ನಿನ ಸದ್ದು ಕೇಳಿ ನಿಂತೆ. ಎರಡೂ ಸಿಲಿಂಡರ್ ಚೆನ್ನಾಗಿ ಹೊಡೆಯುತ್ತಿದ್ದವು.

ಒಜೀಸಾನ್‌ಗೆ ತಪ್ಪೊಪ್ಪಿಕೊಂಡ ಆ ಭಾನುವಾರ ನಾವು ಮನೆಗೆ ನಡೆದುಕೊಂಡೇ ಹೋದೆವು. ಮಗಳು ಸೈಕಲ್ಲು ಹತ್ತಲಿಲ್ಲ, ತಳ್ಳಿಕೊಂಡು ಬಂದಳು. ಅರ್ಧ ದಾರಿಯಲ್ಲಿ ಒಂದೇ ಮಾತು ಹೇಳಿದಳು:

"ಅಪ್ಪಾ, ಅವತ್ತು ನಾನು ನಿನ್ನ ಎರಡು ಸಲ ಕೇಳಿದ್ದೆ."

ನಾನು, "ಹಸಿವಾಗ್ತಿದೆ, ಬೇಗ ನಡಿ" ಎಂದೆ.

ಆ ಮಾತಿಗೆ ಅವಳು ಮತ್ತೆ ಬರಲಿಲ್ಲ. ಮನೆಗೆ ಬಂದು ಸಾರು ಬಿಸಿ ಮಾಡಿ ಬಡಿಸಿದಳು. ಒಜೀಸಾನ್‌ಗೆ ಬಾಗಿದ್ದಾಯಿತು, ಸಂಘದವರಿಗೆ ಬಾಗಿದ್ದಾಯಿತು, ಮಕ್ಕಳನ್ನು ಕರೆದುಕೊಂಡು ಬಂದಿದ್ದ ತಾಯಂದಿರಿಗೂ ಬಾಗಿದ್ದಾಯಿತು. ಆ ಎಲ್ಲ ಕ್ಷಮೆಗಳೂ ಅವಳ ಬಾಯಿಂದಲೇ ಹೊರಬಂದದ್ದು. ಅವಳಿಗೆ ಹೇಳಬೇಕಾದದ್ದಕ್ಕೆ ತಿರುಗಿಸಿ ಹೇಳುವವರು ಯಾರೂ ಬೇಕಿರಲಿಲ್ಲ, ಕನ್ನಡದಲ್ಲೇ ಹೇಳಬಹುದಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಹೇಳಲಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದಾಳೆ. ಇದನ್ನು ಮಡಚಿ ಅವಳ ಕೈಗೇ ಕೊಡುತ್ತೇನೆ. ನನ್ನ ಮಾತನ್ನು ನಂಬಿ ಊರಿನ ಮುಂದೆ ನನಗಾಗಿ ಸುಳ್ಳು ಹೇಳಿದವಳು, ನಾನು ಇವತ್ತಿನವರೆಗೂ ಕ್ಷಮೆ ಕೇಳದೆ ಉಳಿಸಿಕೊಂಡವಳು, ನನ್ನ ಮಗಳು.